ಹೊಳೆ ದಿಡ್ಡಿ

ದಿಡ್ಡಿ ಬಾಗಿಲೆಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಬ್ಬಾಗಿಲು ಮುಚ್ಚಿದ್ದಾಗಲೂ ಜನ ಹೋಗಿಬರುವ ಸಣ್ಣ ಬಾಗಿಲದು. ಹೊಳೆಯ ಕಡೆಗಿದ್ದರೆ ಹೊಳೆ ದಿಡ್ಡಿ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ಬಗೆಗಿನ ಇಂಗ್ಲಿಷ್ ಬರಹಗಳಲ್ಲಿ 'ಹೋಲಿ ಡೀಡಿ' ಎಂಬ ವಿಚಿತ್ರ ಹೆಸರೊಂದು ಬರುತ್ತದೆ. ಟಿಪ್ಪು ಸುಲ್ತಾನ್ ಕೊನೆಯುಸಿರೆಳೆದ ಬಾಗಿಲು ಅದು. ಅದು ಅಚ್ಚಗನ್ನಡದ ಮಾತೆಂದು ಓದಿದವರಲ್ಲಿ ಎಷ್ಟು ಮಂದಿಗೆ ಹೊಳೆದಿದೆಯೋ!

ಆ ಯುದ್ಧದ ಮೊದಲ ಕಾಳಗಗಳಲ್ಲೊಂದು ನಡೆದದ್ದು ನಮ್ಮ ಸೀಮೆಯಲ್ಲೇ. ಕಣ್ಣೂರಿನಿಂದ ಕೊಡಗಿನ ಮೂಲಕ ಬಂದ ಬೊಂಬಾಯಿ ಸೈನ್ಯದ ಮುಂಚೂಣಿಯನ್ನು ಟಿಪ್ಪು ಮಾರ್ಚ್ 6ರಂದು ಪಿರಿಯಾಪಟ್ಟಣದ ಪಶ್ಚಿಮಕ್ಕೆ, ಸಿದ್ದೇಶ್ವರದ ಬಳಿ ತಡೆದ. ಅದನ್ನು ಮುರಿಯಲಾಗಲಿಲ್ಲ. ಮುಂದೆ ಅದೇ ಸೈನ್ಯ ಜನರಲ್ ಹ್ಯಾರಿಸ್‌ನನ್ನು ಸೇರಿಕೊಂಡು ಕಾವೇರಿಯ ಉತ್ತರ ದಡದಲ್ಲಿ ಬೀಡುಬಿಟ್ಟಿತು.

ಕೋಟೆಗೆ ದೊಡ್ಡ ಕಾವಲು ಹೊಳೆಯೇ. ಮಳೆಗಾಲದ ಕಾವೇರಿಯನ್ನು ದಾಟುವ ಸೈನ್ಯವಿರಲಿಲ್ಲ. ಹಾಗಾಗಿ ಇಂಗ್ಲಿಷರಿಗೆ ಅವಸರ. ಮೇ 3ರಷ್ಟರಲ್ಲಿ ವಾಯವ್ಯ ಮೂಲೆಯ ಗೋಡೆ ಬಿರಿದಿತ್ತು. ಮರುದಿನ ಮಧ್ಯಾಹ್ನ, ಬೇಸಿಗೆಯಲ್ಲಿ ಬತ್ತಿದ ಹೊಳೆಯನ್ನು ಬೇರ್ಡ್‌ನ ಪಡೆ ಬಂಡೆಗಳ ನಡುವೆ ನಡೆದೇ ದಾಟಿತು. ಸೇನಾನಿ ಸೈಯದ್ ಗಫಾರ್ ಬಿದ್ದ ಸುದ್ದಿ ಕೇಳಿ ಊಟದಿಂದೆದ್ದ ಟಿಪ್ಪು ಉತ್ತರದ ಗೋಡೆಯ ಮೇಲೆ ಕಾದಾಡಿದ. ಗಾಯಗೊಂಡು ಒಳಕೋಟೆಗೆ ಮರಳಲು ದಿಡ್ಡಿಯತ್ತ ಬಂದ. ಇಕ್ಕಟ್ಟಿನ ಬಾಗಿಲು ಓಡಿಬಂದವರಿಂದ ತುಂಬಿತ್ತು. ಒಳಗಿನಿಂದಲೂ ಹೊರಗಿನಿಂದಲೂ ಗುಂಡು. ರಾತ್ರಿ ದೀಪ ಹಿಡಿದು ಹುಡುಕಿದಾಗ, ಗಾಯಗೊಂಡು ಬಿದ್ದಿದ್ದ ಸೇವಕ ರಾಜಾ ಖಾನ್ ಜಾಗ ತೋರಿಸಿದ. ಹೆಣಗಳ ರಾಶಿಯಡಿಯಲ್ಲಿ ಸುಲ್ತಾನನ ಮೈ ಇನ್ನೂ ಬೆಚ್ಚಗಿತ್ತಂತೆ. ಆ ರಾಶಿಯಲ್ಲಿದ್ದ ಉಳಿದವರ ಹೆಸರು ಯಾರೂ ಬರೆದಿಡಲಿಲ್ಲ.

ಟಿಪ್ಪು ಕನ್ನಡದ್ವೇಷಿ ಎಂಬ ವಾದ ಆಗಾಗ ಕೇಳಿಬರುತ್ತದೆ. ಆಡಳಿತದಲ್ಲಿ ಫಾರ್ಸಿಗೆ ಮನ್ನಣೆ ಸಿಕ್ಕಿದ್ದೂ, ನರಸಿಂಹಂಗಡಿ ಜಮಾಲಾಬಾದ್ ಆದದ್ದೂ ನಿಜ; ಮುಚ್ಚಿಡಬೇಕಾಗಿಲ್ಲ. ಆದರೆ ಅವನ ರಾಜಧಾನಿಯಲ್ಲೇ, ಅವನು ದಿನವೂ ಓಡಾಡುತ್ತಿದ್ದ ಗೋಡೆಯ ಬಾಗಿಲಿಗೆ ಊರ ಜನ ಇಟ್ಟ ಹೆಸರು ಉಳಿದಿತ್ತು. ಅದು ಎಷ್ಟು ಬಳಕೆಯಲ್ಲಿತ್ತೆಂದರೆ, ಹೊಸದಾಗಿ ಬಂದ ಶತ್ರುವಿನ ಅಧಿಕಾರಿಗಳೂ ಅದನ್ನೇ ಕೇಳಿ ಬರೆದುಕೊಂಡರು. ಫರ್ಮಾನುಗಳನ್ನಷ್ಟೇ ಓದುವವರಿಗೆ ಇದು ಕಾಣುವುದಿಲ್ಲ.

ಇಂದು ಪ್ರವಾಸಿಗರು ಕೇಳುವುದು 'ವಾಟರ್ ಗೇಟ್' ಎಲ್ಲಿ ಎಂದು. ದೇಹ ಸಿಕ್ಕ ಜಾಗದ ಕಲ್ಲಿನ ಮೇಲೂ ಇಂಗ್ಲಿಷ್ ಬರಹ. ನಮ್ಮ ಲಕ್ಷ್ಮಣತೀರ್ಥ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರಿ, ಅಲ್ಲಿಂದ ಬಿಟ್ಟ ನೀರಿನೊಡನೆ ಈ ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಅದನ್ನು ನಾವು ಈಗಲೂ ಹೊಳೆ ಎಂದೇ ಕರೆಯುತ್ತೇವೆ.