ಡಬ್ಲಿನ್ ಪ್ರಶ್ನೆಗೆ ದರಿಯಾಗಂಜ್ ಉತ್ತರ

ನೋಯ್ಡಾ, ಗುರುಗ್ರಾಮದಲ್ಲಿರೋ ನಮಗೆ ದರಿಯಾಗಂಜ್ ಅಂದ್ರೆ ಭಾನುವಾರದ ಹಳೇ ಪುಸ್ತಕ. ಆ ಬಜಾರು ಜಾಗ ಬದಲಿಸಿ ವರ್ಷಗಳೇ ಆದವು, ಬಿಡಿ. ಅದೇ ದರಿಯಾಗಂಜ್‌ನಲ್ಲಿ ಡಾ. ಶ್ರಾಫ್ಸ್ ಚಾರಿಟಿ ಕಣ್ಣಾಸ್ಪತ್ರೆ ಇದೆ. 300 ವರ್ಷಕ್ಕೂ ಹಳೆಯದಾದ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಅಲ್ಲಿ ಆಪರೇಷನ್ ಆದ ಮಕ್ಕಳು.

ಪ್ರಶ್ನೆ ಕೇಳಿದವನು ಡಬ್ಲಿನ್‌ನ ವಿಲಿಯಂ ಮಾಲಿನ್ಯೂಕ್ಸ್. ಮದುವೆಯಾದ ಸ್ವಲ್ಪ ದಿನಕ್ಕೇ ಅವನ ಹೆಂಡತಿಗೆ ಕಣ್ಣು ಹೋಗಿತ್ತು. 1688ರಲ್ಲಿ ತತ್ವಜ್ಞಾನಿ ಜಾನ್ ಲಾಕ್‌ಗೆ ಕಾಗದ ಬರೆದ: ಹುಟ್ಟುಕುರುಡನೊಬ್ಬ ಚೆಂಡು ಯಾವುದು, ಚೌಕದ ದಿಮ್ಮಿ ಯಾವುದು ಅಂತ ಮುಟ್ಟಿ ಹೇಳಬಲ್ಲ. ಅವನಿಗೆ ದಿಢೀರಂತ ಕಣ್ಣು ಬಂದರೆ, ಮುಟ್ಟದೆ ಬರೀ ನೋಡಿ ಹೇಳ್ತಾನಾ? ಲಾಕ್ 1694ರಲ್ಲಿ ತನ್ನ ಪುಸ್ತಕದ ಎರಡನೇ ಆವೃತ್ತಿಯಲ್ಲಿ ಇದನ್ನು ಸೇರಿಸಿ, ಆಗಲ್ಲ ಅಂದ. ನೋಟಕ್ಕೂ ಸ್ಪರ್ಶಕ್ಕೂ ನಂಟು ಬೆಸೆಯೋದು ಅನುಭವವೇ ಅನ್ನೋದು ಅವನ ವಾದ.

1728ರಲ್ಲಿ ಲಂಡನ್ನಿನ ಸರ್ಜನ್ ಚೆಸೆಲ್ಡನ್, ಪೊರೆ ತೆಗೆದ ಹದಿಮೂರರ ಆಸುಪಾಸಿನ ಹುಡುಗನೊಬ್ಬನ ಬಗ್ಗೆ ಬರೆದ. ನಾಯಿ ಯಾವುದು, ಬೆಕ್ಕು ಯಾವುದು ಅಂತ ಆ ಹುಡುಗನಿಗೆ ಪದೇ ಪದೇ ಮರೆತುಹೋಗ್ತಿತ್ತಂತೆ. ಕೇಳೋಕೆ ನಾಚಿಕೆ. ಕೊನೆಗೆ ಬೆಕ್ಕನ್ನ ಹಿಡಿದು, ಮೈ ತಡವಿ, ದಿಟ್ಟಿಸಿ ನೋಡಿ, ಇನ್ಮೇಲೆ ಗೊತ್ತಾಗುತ್ತೆ ಅಂತ ಬಿಟ್ಟನಂತೆ.

ಆದರೆ ಒಬ್ಬ ಹುಡುಗನ ಕಥೆ ಡೇಟಾ ಅಲ್ಲ. ಶ್ರೀಮಂತ ದೇಶಗಳಲ್ಲಿ ಹುಟ್ಟಿನ ಪೊರೆಯನ್ನು ಕೂಸಿರುವಾಗಲೇ ತೆಗೀತಾರೆ, ಪರೀಕ್ಷೆಗೆ ಜನವೇ ಸಿಗಲ್ಲ. ನಮ್ಮಲ್ಲಿ ಸಿಗ್ತಾರೆ. ಇದು ಹೆಮ್ಮೆಪಡೋ ವಿಷಯವಲ್ಲ. ಹಳ್ಳಿಯ ಬಡ ಮಕ್ಕಳು ಹತ್ತು ಹದಿನೈದು ವರ್ಷ ಕತ್ತಲಲ್ಲೇ ಇರ್ತಾರೆ ಅಂತ ಅರ್ಥ.

ದೆಹಲಿ ಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿ ಎಂಐಟಿಯಲ್ಲಿ ಪ್ರೊಫೆಸರ್ ಆದ ಪವನ್ ಸಿನ್ಹಾ 2005ರ ಸುಮಾರಿಗೆ ಪ್ರಾಜೆಕ್ಟ್ ಪ್ರಕಾಶ್ ಶುರು ಮಾಡಿದರು. ಆಗಿನ ನಂಬಿಕೆ ಏನು? ಎಂಟು ವರ್ಷ ದಾಟಿದ ಮೇಲೆ ಆಪರೇಷನ್ ಮಾಡಿ ಪ್ರಯೋಜನವಿಲ್ಲ. ಇದಕ್ಕೆ ಬಲ ಕೊಟ್ಟಿದ್ದು ಹ್ಯೂಬೆಲ್ ಮತ್ತು ವೀಸೆಲ್ ಅವರ 1960ರ ದಶಕದ ಪ್ರಯೋಗಗಳು. ಎಳೆ ಬೆಕ್ಕಿನಮರಿಯ ಒಂದು ಕಣ್ಣನ್ನು ಕೆಲವು ತಿಂಗಳು ಮುಚ್ಚಿಟ್ಟು ಆಮೇಲೆ ತೆರೆದರೂ, ಮೆದುಳು ಆ ಕಣ್ಣಿಗೆ ಸರಿಯಾಗಿ ಸ್ಪಂದಿಸಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು.

ಶ್ರಾಫ್ಸ್‌ನಲ್ಲಿ ಚಿಕಿತ್ಸೆಯಾದ 8ರಿಂದ 17 ವರ್ಷದ ಐವರನ್ನು, ಆಪರೇಷನ್ ಆದ 48 ಗಂಟೆಯೊಳಗೆ ಪರೀಕ್ಷಿಸಿದರು. ಆಟದ ಲೆಗೋ ಥರದ ದಿಮ್ಮಿಗಳು. ನೋಡಿದ್ದನ್ನು ನೋಡಿಯೇ ಗುರುತಿಸಿ ಅಂದರೆ ಶೇ. 92 ಸರಿ. ಮುಟ್ಟಿದ್ದನ್ನು ಮುಟ್ಟಿ ಗುರುತಿಸೋದು ಶೇ. 98. ಮುಟ್ಟಿದ್ದನ್ನು ನೋಡಿ ಗುರುತಿಸೋದು ಮಾತ್ರ ಶೇ. 58, ಎರಡರಲ್ಲಿ ಒಂದು ಆರಿಸಬೇಕಿದ್ದಾಗ ಇದು ಹೆಚ್ಚುಕಮ್ಮಿ ಕಣ್ಣುಮುಚ್ಚಿ ಊಹಿಸಿದ ಹಾಗೆ. 2011ರಲ್ಲಿ ಇದು ಪ್ರಕಟವಾಯ್ತು. ಲಾಕ್ ಹೇಳಿದ್ದೇ ಸರಿ ಅನ್ನಿ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಮುಂದಿನದು: ಕೆಲವರನ್ನು ಮತ್ತೆ ಪರೀಕ್ಷಿಸಿದಾಗ, ಐದೇ ದಿನದಷ್ಟು ಬೇಗ ಸುಧಾರಣೆ ಕಂಡಿತ್ತು. ಅದೂ ಯಾವ ತರಬೇತಿಯೂ ಇಲ್ಲದೆ.

ಹಾಗಾದರೆ ನೋಟವೆಲ್ಲ ಅನುಭವದ್ದೇ? ಇಲ್ಲ. ಇದಕ್ಕೆ ನಮ್ಮ ಗುಂಡ್ಲುಪೇಟೆಯಾಚೆಯ ನೀಲಗಿರಿಗೆ ಹೋಗಬೇಕು. 1901-02ರಲ್ಲಿ ರಿವರ್ಸ್ ಅನ್ನೋ ಇಂಗ್ಲಿಷ್ ವೈದ್ಯ ಅಲ್ಲಿನ ತೋಡರಿಗೆ ಮ್ಯೂಲರ್-ಲೈಯರ್ ಚಿತ್ರ ತೋರಿಸಿದ. ಒಂದೇ ಉದ್ದದ ಎರಡು ಗೆರೆ, ತುದಿಯ ಬಾಣಗಳ ದಿಕ್ಕು ಬೇರೆ ಆದ್ದರಿಂದ ಒಂದು ಉದ್ದ, ಒಂದು ಗಿಡ್ಡ ಕಾಣುತ್ತಲ್ಲ, ಅದೇ. ಇಂಗ್ಲಿಷರಿಗಿಂತ ತೋಡರು ಕಡಿಮೆ ಮೋಸಹೋದರು. ಚೌಕ ಮೂಲೆಗಳ ಮನೆಯಲ್ಲಿ ಬೆಳೆದವರಿಗೇ ಈ ಭ್ರಮೆ ಜಾಸ್ತಿ ಅನ್ನೋ ವಾದ 1960ರ ದಶಕದಲ್ಲಿ ಜೋರಾಯ್ತು. ಆದರೆ 2015ರಲ್ಲಿ ಪ್ರಕಾಶ್ ತಂಡ ಹೊಸದಾಗಿ ಕಣ್ಣು ಬಂದ ಒಂಬತ್ತು ಮಕ್ಕಳಿಗೆ ಇದೇ ಚಿತ್ರ ತೋರಿಸಿತು. ಗೋಡೆ, ಮೂಲೆ ಯಾವುದನ್ನೂ ಸರಿಯಾಗಿ ನೋಡಿರದ ಅವರೂ ಕೂಡಲೇ ಮೋಸಹೋದರು. ಹಾಗಾಗಿ, ಅನುಭವ ಈ ಭ್ರಮೆಯನ್ನು ಹೆಚ್ಚುಕಮ್ಮಿ ಮಾಡಬಹುದು, ಹುಟ್ಟಿಸೋದು ಅದಲ್ಲ ಅಂತ ನನ್ನ ಲೆಕ್ಕ.

ಈ ಮಕ್ಕಳ ನೋಟ ನಮ್ಮಷ್ಟು ಚೂಪಾಗಲ್ಲ. ಕಳೆದುಹೋದ ವರ್ಷಗಳ ಆ ನಷ್ಟ ಉಳಿದೇ ಇರುತ್ತೆ. ಆದರೂ 2014ರ ಇನ್ನೊಂದು ಅಧ್ಯಯನದಲ್ಲಿ, ಎಂಟು ದಾಟಿದ ಮೇಲೆ ಆಪರೇಷನ್ ಆದ 11 ಮಕ್ಕಳಲ್ಲಿ ಐವರಿಗೆ ಮಸುಕು-ಬೆಳಕಿನ ವ್ಯತ್ಯಾಸ ಗುರುತಿಸೋ ಶಕ್ತಿ ಮೊದಲಿಗಿಂತ ಚೆನ್ನಾಗಿ ಹೆಚ್ಚಿತ್ತು. ಊರಲ್ಲಿ ಯಾರಾದರೂ ವಯಸ್ಸು ಮೀರಿತು, ಈಗ ತೋರಿಸಿ ಏನು ಅಂದರೆ ಈ ಐವರ ವಿಷಯ ಹೇಳಿ.