ಹೊಸದುರ್ಗದ ರಾಮದಾಸರು: ಗುರುವನ್ನು ಗುರುತಿಸುವ ಬಗೆ

ಚಂದ್ರಗಿರಿ ಹೊಳೆ ದಾಟಿದರೆ ಕನ್ನಡ ಮುಗಿಯಿತು ಎಂಬ ಮಾತು ನಮ್ಮಲ್ಲಿ ಹಳೆಯದು. ಆದರೆ ಹೊಳೆಯ ತೆಂಕಣ ದಿಕ್ಕಿನ ಹೊಸದುರ್ಗಕ್ಕೆ ಆ ಹೆಸರು ಬಂದದ್ದೇ ಕನ್ನಡದಿಂದ. ಇಕ್ಕೇರಿ ನಾಯಕರು ಕಟ್ಟಿದ ಕೋಟೆ ಅದು. ಮಲಯಾಳದ ನಾಲಿಗೆಯಲ್ಲಿ 'ಹೊಸ್ದುರ್ಗ್' ಆಯಿತು, ಈಗ ಕಾಞಂಗಾಡು ನಗರದೊಳಗೆ ಸೇರಿಹೋಗಿದೆ. ಈ ಊರಿನಲ್ಲಿ 1884ರ ಏಪ್ರಿಲ್ 10ರಂದು ಹುಟ್ಟಿದ ವಿಠಲ ರಾಯರೇ ಮುಂದೆ ಸ್ವಾಮಿ ರಾಮದಾಸರೆಂದು ಹೆಸರಾದವರು. ಮನೆಮಾತು ಕೊಂಕಣಿ, ಕಲಿತದ್ದು ಮಂಗಳೂರಿನಲ್ಲಿ, ಪುಸ್ತಕ ಬರೆದದ್ದು ಇಂಗ್ಲಿಷಿನಲ್ಲಿ, ಆಶ್ರಮ ಕಟ್ಟಿದ್ದು ಇಂದು ಮಲಯಾಳ ಮಾತನಾಡುವ ನೆಲದಲ್ಲಿ. ಅವರು ಯಾರ ಪಾಲಿಗೆ ಸೇರಿದವರು ಎಂದು ನಮ್ಮವರೂ ಮಲಯಾಳಿ ಮಿತ್ರರೂ ಆಗಾಗ ವಾದಿಸುವುದುಂಟು. ಆ ವಾದ ನನಗೆ ಬೇಡ. ಒಬ್ಬರನ್ನು ಗುರುವೆಂದು ಒಪ್ಪುವುದು ಯಾವ ಆಧಾರದ ಮೇಲೆ ಎಂಬ ಪ್ರಶ್ನೆಗೆ ರಾಮದಾಸರ ಬದುಕಿನಿಂದ ಏನು ತಿಳಿಯುತ್ತದೆ ಎಂಬುದಷ್ಟೇ ನನ್ನ ವಿಷಯ. ಮನೆಮನೆಗೂ ಒಬ್ಬೊಬ್ಬ ಸ್ವಾಮಿಯ ಪಟ ಬಂದಿರುವ ಈ ಕಾಲದಲ್ಲಿ, ಮಕ್ಕಳು ಈ ಪ್ರಶ್ನೆ ಕೇಳಿದಾಗ ಉತ್ತರಿಸಬೇಕಾದವರು ನಾವೇ.

ವಿಠಲ ರಾಯರ ಪೂರ್ವಾಶ್ರಮದಲ್ಲಿ ಸಾಧುವಿನ ಲಕ್ಷಣ ಹೆಚ್ಚೇನೂ ಕಾಣುವುದಿಲ್ಲ. ಬೊಂಬಾಯಿಯ ವಿಕ್ಟೋರಿಯಾ ಜುಬಿಲಿ ಸಂಸ್ಥೆಯಲ್ಲಿ ನೂಲು-ಬಟ್ಟೆಯ ವಿದ್ಯೆ ಕಲಿತರು. ಗುಲಬರ್ಗದ ನೂಲಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದರು, ಅಲ್ಲಿಂದ ಬೇರೆ ಬೇರೆ ಗಿರಣಿಗಳಿಗೆ ಅಲೆದರು. 1908ರಲ್ಲಿ ರುಕ್ಮಾಬಾಯಿಯವರೊಂದಿಗೆ ಮದುವೆ, ಆಮೇಲೆ ಒಬ್ಬಳು ಮಗಳು. ಕೊನೆಗೆ ಮಂಗಳೂರಿಗೆ ಬಂದು ಸೀರೆಗೆ ಬಣ್ಣ ಹಾಕುವ, ಅಚ್ಚೊತ್ತುವ ಸ್ವಂತ ಉದ್ಯಮ ಹೂಡಿದರು. ಅದು ಕೈಕೊಟ್ಟಿತು, ಸಾಲ ಬೆಳೆಯಿತು. ಕಷ್ಟದ ದಿನಗಳಲ್ಲಿ ರಾಮನಾಮ ಹಿಡಿದರು. ಮಗ ಬರಿಯ 'ರಾಮ' ಎನ್ನುತ್ತಿರುವುದನ್ನು ಕಂಡ ತಂದೆ ಬಾಲಕೃಷ್ಣ ರಾಯರು ಹದಿಮೂರಕ್ಷರದ ಮಂತ್ರವನ್ನು ಉಪದೇಶಿಸಿದರು. ರಾಮದಾಸರು ಕೊನೆಯವರೆಗೂ ತಂದೆಯನ್ನೇ ಗುರುದೇವರೆಂದು ಕರೆದರು. ದೂರದ ಮಠವನ್ನು ಹುಡುಕಿ ಹೋಗಲಿಲ್ಲ. ಕಾವಿ ಉಡದ, ಸಂಸಾರಸ್ಥನಾದ ಸ್ವಂತ ಅಪ್ಪನೇ ಗುರು. ಜತೆಗೆ ಭಗವದ್ಗೀತೆ, ಬುದ್ಧನ ಚರಿತ್ರೆ, ಹೊಸ ಒಡಂಬಡಿಕೆ, ಗಾಂಧೀಜಿಯವರ ಬರಹಗಳನ್ನು ಓದುತ್ತಿದ್ದರು. ಯೇಸುವನ್ನೂ ಗಾಂಧಿಯನ್ನೂ ಕೃಷ್ಣ-ಬುದ್ಧರ ಸಾಲಿನಲ್ಲಿಟ್ಟು ಮಾರ್ಗದರ್ಶಕರೆಂದು ನೆನೆದ ಸಂಸಾರಿ 1922ರ ಮಂಗಳೂರಿನಲ್ಲಿ ಇದ್ದರೆಂಬುದು ಸಣ್ಣ ಸಂಗತಿಯಲ್ಲ.

1922ರ ಡಿಸೆಂಬರ್ 27ರ ನಸುಕಿನಲ್ಲಿ ಅವರು ಮನೆ ಬಿಟ್ಟರು. ಕೈಯಲ್ಲಿ 25 ರೂಪಾಯಿ, ಒಂದೆರಡು ಪುಸ್ತಕ. ಎರಡು ಪತ್ರ ಬರೆದಿಟ್ಟಿದ್ದರು: ಒಂದು ಹೆಂಡತಿಗೆ, ಇನ್ನೊಂದು ತಮ್ಮ ಸಾಲದ ಹೊರೆ ಇಳಿಸಲು ಮುಂದೆ ಬಂದಿದ್ದ ಗೆಳೆಯನಿಗೆ. ಬ್ಯಾಂಕಿನ ಗುಮಾಸ್ತನಾದ ನಾನು ಈ ಜಾಗಕ್ಕೆ ಬಂದಾಗಲೆಲ್ಲ ತಡೆದು ನಿಲ್ಲುತ್ತೇನೆ. ಸಾಲ ತೀರಿಸದೆ ವಿಳಾಸವಿಲ್ಲದೆ ಹೋದವನನ್ನು ನಮ್ಮ ಲೆಡ್ಜರು ಸುಸ್ತಿದಾರ ಎನ್ನುತ್ತದೆ. ಅವನೊಳಗೆ ಯಾವ ಬೆಳಕು ಹತ್ತಿತೆಂದು ಕೇಳುವ ಕಾಲಂ ಅದರಲ್ಲಿಲ್ಲ. ರುಕ್ಮಾಬಾಯಿಯವರಿಗಾದ ನೋವನ್ನೂ ಭಕ್ತಿಯ ಹೆಸರಿನಲ್ಲಿ ಮರೆಸಬಾರದು ಎಂಬುದು ನನ್ನ ಅಭಿಪ್ರಾಯ. ಆದರೂ ಒಂದು ಮಾತು ಹೇಳಲೇಬೇಕು. ಈ ಎರಡು ಪತ್ರಗಳ ಸಂಗತಿ ಲೋಕಕ್ಕೆ ತಿಳಿದದ್ದು ರಾಮದಾಸರ ಲೇಖನಿಯಿಂದಲೇ. ಗುರುಚರಿತ್ರೆಗಳಲ್ಲಿ ಸಾಮಾನ್ಯವಾಗಿ ಶಿಷ್ಯರು ಅಳಿಸಿಹಾಕುವ ಸಾಲು ಇದು. ಅವರು ಅಳಿಸಲಿಲ್ಲ.

ಶ್ರೀರಂಗದಲ್ಲಿ ಕಾವೇರಿಯಲ್ಲಿ ಮಿಂದು ಕಾವಿ ಉಟ್ಟರು. ದೀಕ್ಷೆ ಕೊಡಲು ಯಾವ ಪೀಠಾಧಿಪತಿಯೂ ಇರಲಿಲ್ಲ. ಸಂಕಲ್ಪ ಮಾಡಿಕೊಂಡವರು ಅವರೇ. ಬಾಳನ್ನು ರಾಮನಿಗೆ ಒಪ್ಪಿಸುವುದು, ಎಲ್ಲ ಹೆಂಗಸರನ್ನೂ ತಾಯಂದಿರೆಂದು ಕಾಣುವುದು, ಭಿಕ್ಷೆಯಿಂದ ಬಂದಷ್ಟರಲ್ಲಿ ಬದುಕುವುದು. ಈ ಮೂರು ನಿಯಮಗಳಿಗೆ ಮೇಲ್ವಿಚಾರಕರು ಯಾರೂ ಇರಲಿಲ್ಲ. ಮುರಿದರೆ ದಂಡ ಹಾಕುವವರಿಲ್ಲ, ಪಾಲಿಸಿದರೆ ಭಡ್ತಿ ಕೊಡುವವರಿಲ್ಲ. ಟಿಕೇಟಿಲ್ಲದೆ ರೈಲು ಹತ್ತಿ, ಇಳಿಸಿದಾಗ ಇಳಿದು, ಇಳಿಸಿದ ಇನ್ಸ್‌ಪೆಕ್ಟರನೂ ರಾಮನೇ ಎಂದುಕೊಳ್ಳುತ್ತಿದ್ದರಂತೆ. (ನಮ್ಮಂಥವರು ಅನುಸರಿಸತಕ್ಕ ಪದ್ಧತಿ ಇದಲ್ಲವೆಂದು ಬೇರೆ ಹೇಳಬೇಕಿಲ್ಲ.)

ಅಲ್ಲಿಂದ ತಿರುವಣ್ಣಾಮಲೆ. ರಮಣ ಮಹರ್ಷಿಗಳ ಮುಂದೆ ಕೈಮುಗಿದು, ತಮಿಳು ಬಾರದ್ದರಿಂದ ಇಂಗ್ಲಿಷಿನಲ್ಲಿ ಕೃಪೆ ಬೇಡಿದರು. ಮಹರ್ಷಿಗಳು ಒಂದು ಮಾತೂ ಆಡಲಿಲ್ಲ. ಕೆಲವು ನಿಮಿಷ ಅವರ ಕಣ್ಣುಗಳನ್ನೇ ನೋಡಿ ತಲೆದೂಗಿದರು. ಅಷ್ಟೇ. ಮಂತ್ರವಿಲ್ಲ, ಕಾಣಿಕೆಯಿಲ್ಲ, ಇಲ್ಲೇ ನಿಲ್ಲು ಎಂಬ ಅಪ್ಪಣೆಯೂ ಇಲ್ಲ. ರಾಮದಾಸರು ನೇರ ಅರುಣಾಚಲದ ಒಂದು ಗುಹೆಗೆ ಹೋಗಿ ಸುಮಾರು ಇಪ್ಪತ್ತು ದಿನ ನಾಮಜಪದಲ್ಲಿ ಕಳೆದರು. ಹೊರಬಂದಾಗ ಮರ, ಕಲ್ಲು, ಮನುಷ್ಯರೆಲ್ಲ ರಾಮನಾಗಿ ತೋರಿ, ಮರಗಳನ್ನು ತಬ್ಬಿಕೊಂಡರಂತೆ. ದಾರಿಹೋಕನೊಬ್ಬನನ್ನೂ ತಬ್ಬಿಕೊಂಡಾಗ ಅವನು ಹೆದರಿದ. ಬಾಯಲ್ಲಿ ಹಲ್ಲಿಲ್ಲದ್ದನ್ನು ಕಂಡು ಈ ಹುಚ್ಚ ಕಚ್ಚಲಾರ ಎಂದು ಸಮಾಧಾನ ಪಟ್ಟುಕೊಂಡ ಎಂದು ಅವರೇ ಆಮೇಲೆ ನಗುತ್ತ ಹೇಳುತ್ತಿದ್ದರು. ತನ್ನ ಪರಮ ಅನುಭವದ ಕತೆಯಲ್ಲಿ ತನ್ನ ಬೊಚ್ಚುಬಾಯಿಗೂ ಜಾಗ ಕೊಟ್ಟವರ ಮೇಲೆ ನನಗೆ ನಂಬಿಕೆ ಹುಟ್ಟುತ್ತದೆ.

ಉತ್ತರಕ್ಕೆ ಹಿಮಾಲಯದವರೆಗೆ ತಿರುಗಿ ಹುಬ್ಬಳ್ಳಿಗೆ ಬಂದು ಸಿದ್ಧಾರೂಢ ಮಠದಲ್ಲಿ ಉಳಿದರು. ಹೆಂಡತಿ ಮತ್ತು ಮಗಳು ಅಲ್ಲಿಗೇ ಬಂದು ಮನೆಗೆ ಕರೆದರು. ರಾಮದಾಸರು ಅವರೊಂದಿಗೆ ಮಂಗಳೂರಿಗೆ ಮರಳಿದರು, ಆದರೆ ಮನೆಗೆ ಹೋಗದೆ ಕದ್ರಿ ಗುಡ್ಡದ ಪಂಚಪಾಂಡವ ಗುಹೆ ಸೇರಿದರು. 'ಇನ್ ಕ್ವೆಸ್ಟ್ ಆಫ್ ಗಾಡ್' ಎಂಬ ಪುಸ್ತಕ ಬರೆದದ್ದು ಅಲ್ಲೇ, ಅಚ್ಚಾದದ್ದು 1925ರಲ್ಲಿ. ಅದರಲ್ಲಿ 'ನಾನು' ಎಂಬ ಪದದ ಬದಲಿಗೆ ಎಲ್ಲೆಲ್ಲೂ 'ರಾಮದಾಸ' ಎಂದೇ ಇದೆ.

ಅದೇ ಕಾಲದಲ್ಲಿ ಹೊಸದುರ್ಗದಲ್ಲಿ ಇನ್ನೊಬ್ಬರು ಕಾಣಿಸಿಕೊಂಡರು: ಅವಧೂತ ನಿತ್ಯಾನಂದರು. ಕೌಪೀನವೊಂದೇ ಉಡುಗೆ, ಮಾತು ಅಪರೂಪ. ಕೋಟೆಯ ಪಕ್ಕದ ಕೆಂಪುಕಲ್ಲಿನಲ್ಲಿ ಗುಹೆಗಳನ್ನು ಕೊರೆಸಿದರು. ಸಂಜೆ ಕೂಲಿಯಾಳುಗಳಿಗೆ ಇಂಥ ಕಲ್ಲಿನ ಕೆಳಗೆ ನೋಡು ಎನ್ನುತ್ತಿದ್ದರು, ಅಲ್ಲಿ ಸರಿಯಾದ ಕೂಲಿ ಇರುತ್ತಿತ್ತು ಎಂಬ ಕತೆ ಇಂದಿಗೂ ನಡೆಯುತ್ತದೆ. ಹಣದ ಮೂಲ ಏನೆಂಬ ಪ್ರಶ್ನೆ ನನ್ನ ಕಸುಬಿನವರಿಗೆ ಸಹಜ. ಆದರೆ ಕತೆಯಲ್ಲಿ ನನಗೆ ಹಿಡಿಸುವುದು ಪವಾಡವಲ್ಲ, ಆ ದಿನದ ಕೂಲಿ ಆ ದಿನವೇ ಮುಟ್ಟುತ್ತಿತ್ತು ಎಂಬ ಭಾಗ. ಅವರು ಮುಂದೆ ಮಹಾರಾಷ್ಟ್ರದ ಗಣೇಶಪುರಿಯಲ್ಲಿ ನೆಲೆಸಿ 1961ರಲ್ಲಿ ದೇಹಬಿಟ್ಟರು. ಒಬ್ಬರು ಬರೆದರು, ನಕ್ಕರು, ಊರೂರು ಸುತ್ತಿದರು; ಇನ್ನೊಬ್ಬರು ಮೌನಿ. ಹೊರಗುರುತು ನೋಡಿ ಹೊರಟವರಿಗೆ ಈ ಇಬ್ಬರಲ್ಲಿ ಒಬ್ಬರು ತಪ್ಪಿಹೋಗುತ್ತಾರೆ.

ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ತಾಳೆ ನೋಡುವ ಕೆಲಸ ನನ್ನದು. ಸಹಿ ಚಂದ ಇದೆಯೋ ಇಲ್ಲವೋ ಎಂದು ನಾವು ನೋಡುವುದಿಲ್ಲ. ಮೊದಲ ದಿನ ಹಾಕಿದ ಮಾದರಿ ಸಹಿಗೆ ಇಂದಿನದು ಹೊಂದುತ್ತದೆಯೇ ಎಂದು ನೋಡುತ್ತೇವೆ. ರಾಮದಾಸರ ಮಾದರಿ ಸಹಿ ಶ್ರೀರಂಗದ ಆ ಮೂರು ನಿಯಮ. ಅದನ್ನು ತಾಳೆ ನೋಡುವ ಸಂದರ್ಭ ಕಾಸರಗೋಡಿನಲ್ಲೇ ಬಂತು.

1928ರಲ್ಲಿ ಕಾಸರಗೋಡಿನ ಪಿಲಿಕುಂಜೆ ಗುಡ್ಡದಲ್ಲಿ ಅವರ ಮೊದಲ ಆಶ್ರಮವಾಯಿತು. ಅಲ್ಲಿಗೆ ಬಂದವರಲ್ಲಿ ಕೃಷ್ಣಾಬಾಯಿ ಒಬ್ಬರು. ಇಪ್ಪತ್ತರ ವಯಸ್ಸಿಗೇ ಗಂಡನನ್ನು ಕಳೆದುಕೊಂಡ, ಎರಡು ಗಂಡುಮಕ್ಕಳ ತಾಯಿ. ಪ್ರಾಯದ ವಿಧವೆ ಸನ್ಯಾಸಿಯ ಆಶ್ರಮಕ್ಕೆ ಬರುವುದೆಂದರೆ ಅಂದಿನ ಊರು ಸುಮ್ಮನಿರುತ್ತದೆಯೇ? ಮಾತು ಬೆಳೆಯಿತು. ಒಂದು ರಾತ್ರಿ ದುಷ್ಟರು ಆಶ್ರಮಕ್ಕೆ ನುಗ್ಗಿ ಆಕೆಗೆ ಕೇಡು ಮಾಡಲು ನೋಡಿದರು. ಮಾನ ಉಳಿಸಿಕೊಳ್ಳಲು ಆಕೆಯನ್ನು ಮನೆಗೆ ಕಳಿಸಿ, ತಮ್ಮ ಆಶ್ರಮ ಉಳಿಸಿಕೊಳ್ಳುವುದು ಸ್ವಾಮಿಗಳಾದವರಿಗೆ ಸುಲಭದ ದಾರಿ. ರಾಮದಾಸರು ಆಕೆಯನ್ನು ಬಿಡಲಿಲ್ಲ, ಆಶ್ರಮವನ್ನೇ ಬಿಟ್ಟರು. ಕೆಟ್ಟವರ ಮೇಲೆ ಹಗೆ ಸಾಧಿಸಲೂ ಇಲ್ಲ.

1931ರ ಮೇ 15ರಂದು ಕಾಞಂಗಾಡಿನಲ್ಲಿ ಆನಂದಾಶ್ರಮ ಶುರುವಾಯಿತು. ಅಲ್ಲಿ ಕೃಷ್ಣಾಬಾಯಿಯವರು ಹಿಂದೆ ನಿಂತ ಶಿಷ್ಯೆಯಾಗಲಿಲ್ಲ, ಎಲ್ಲರ ಮಾತಾಜಿಯಾದರು. ಸುತ್ತಿನ ಮಕ್ಕಳಿಗೆ ಶಾಲೆ, ಬಡವರಿಗೆ ಕೆಲಸ ಕಲಿಸುವ ಉದ್ಯೋಗಶಾಲೆ ಅವರ ಮುತುವರ್ಜಿಯಿಂದ ನಡೆದವು. 1954-55ರಲ್ಲಿ ರಾಮದಾಸರು ಲೋಕಸಂಚಾರ ಹೊರಟಾಗ ಜತೆಗೆ ಮಾತಾಜಿಯವರೂ ಸ್ವಾಮಿ ಸಚ್ಚಿದಾನಂದರೂ ಇದ್ದರು. ಅವರು ಹೊರಟಾಗ ಕಾಞಂಗಾಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮರಳಿ ಎರಡು ವರ್ಷ ತುಂಬುವ ಮೊದಲೇ, 1956ರ ನವೆಂಬರ್ 1ರಂದು, ಕೇರಳಕ್ಕೆ ಸೇರಿತು. ನಮ್ಮವರಿಗೆ ಆ ದಿನ ಎಂಥದೆಂದು ಇಲ್ಲಿ ವಿವರಿಸಬೇಕಿಲ್ಲ. ಆಶ್ರಮದ ಭಜನೆ ಮಾತ್ರ ಹಿಂದಿನ ದಿನದಂತೆಯೇ ನಡೆಯಿತು. ರಾಮನಾಮಕ್ಕೆ ಭಾಷಾಂತರ ಬೇಕಾಗಲಿಲ್ಲ.

ರಾಮದಾಸರು 1963ರ ಜುಲೈ 25ರಂದು ತೀರಿಕೊಂಡರು. ಆಮೇಲೆ ಆನಂದಾಶ್ರಮದ ಹಿರಿತನ ಬಂದದ್ದು ಕಾಸರಗೋಡಿನ ಜನ ಆಡಿಕೊಂಡಿದ್ದ ಅದೇ ಕೃಷ್ಣಾಬಾಯಿಯವರಿಗೆ. 1989ರ ಫೆಬ್ರವರಿಯಲ್ಲಿ ತಾವು ಕಣ್ಣುಮುಚ್ಚುವವರೆಗೆ, ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ, ಅದನ್ನು ಅವರು ನಡೆಸಿದರು.