ಮೋಟಾರು ಗ್ಯಾರೇಜೂ ಕಾರ್ಖಾನೆ ಶಾಸನವೂ

ಭಾರತದ ಕಾರ್ಖಾನೆ ಶಾಸನಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹತ್ತಿಯ ಗಿರಣಿ, ಸೆಣಬಿನ ಗಿರಣಿಗಳ ಕಡೆಗೇ ದೃಷ್ಟಿ ಹಾಯಿಸಿದ್ದಾರೆ. ಮೋಟಾರು ದುರಸ್ತಿಯ ಗ್ಯಾರೇಜು ಅಲ್ಲಿ ಕಾಣಿಸಿಕೊಳ್ಳುವುದು ವಿರಳ. ಗ್ಯಾರೇಜಿನ ಕೆಲಸಗಾರನ ಸುರಕ್ಷತೆಯನ್ನು ಶಾಸನವು ಎಲ್ಲಿಯವರೆಗೆ ಕಾಯಿತು, ಎಲ್ಲಿ ಕೈಬಿಟ್ಟಿತು ಎಂಬುದನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ಕಾರ್ಖಾನೆ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಶಾಸನಗಳು ಮೊದಲಿನಿಂದಲೂ ತಲೆಯೆಣಿಕೆಯಿಂದಲೇ ಉತ್ತರಕೊಟ್ಟಿವೆ. ಬ್ರಿಟಿಷ್ ಇಂಡಿಯಾದ 1881ರ ಕಾಯಿದೆಯು ಯಂತ್ರಶಕ್ತಿಯುಳ್ಳ, 100 ಜನರಿಗೆ ಕಡಮೆಯಿಲ್ಲದ ಸ್ಥಳಗಳಿಗೆ ಮಾತ್ರ ಅನ್ವಯಿಸಿತು. ಈ ಸಂಖ್ಯೆ 1891ರಲ್ಲಿ 50ಕ್ಕೂ 1922ರಲ್ಲಿ 20ಕ್ಕೂ ಇಳಿಯಿತು. 1949ರ ಏಪ್ರಿಲ್ 1ರಿಂದ ಜಾರಿಗೆ ಬಂದ 1948ರ ಕಾಯಿದೆಯು ಯಂತ್ರಶಕ್ತಿಯಿದ್ದಲ್ಲಿ 10, ಇಲ್ಲದಲ್ಲಿ 20 ಎಂದು ಗೊತ್ತುಮಾಡಿತು.

ಗ್ಯಾರೇಜನ್ನು ಮನಸ್ಸಿನಲ್ಲಿಟ್ಟುಕೊಂಡು ಈ 1948ರ ಕಾಯಿದೆಯನ್ನು ಓದಿದರೆ ಒಂದು ವಿಚಿತ್ರ ಸಂಗತಿ ಗೋಚರಿಸುತ್ತದೆ. ತಯಾರಿಕೆಯ ಕೆಲಸ ಯಾವುದೆಂಬ ವ್ಯಾಖ್ಯೆಯಲ್ಲಿ ದುರಸ್ತಿ, ಎಣ್ಣೆ ಹಾಕುವುದು, ತೊಳೆಯುವುದು, ಇವೆಲ್ಲ ಹೆಸರುಸಹಿತವಾಗಿಯೇ ಸೇರಿವೆ. ನೆಲದಲ್ಲಿನ ಅಪಾಯಕರ ಗುಂಡಿಗಳನ್ನು ಮುಚ್ಚಬೇಕು ಇಲ್ಲವೆ ಅವಕ್ಕೆ ಕಟ್ಟೆ ಬೇಲಿ ಹಾಕಬೇಕೆಂದು 33ನೆಯ ಸೆಕ್ಷನ್ನು ವಿಧಿಸುತ್ತದೆ. ಲಾರಿಯ ತಳಭಾಗವನ್ನು ಬಿಚ್ಚಲು ತೋಡಿದ ಗುಂಡಿಯನ್ನು ನೋಡದವರುಂಟೆ? ಹಾರುವ ಚೂರು, ಕಣ್ಣು ಕುಕ್ಕುವ ಬೆಳಕು ಇವುಗಳಿಂದ ಕಣ್ಣನ್ನು ರಕ್ಷಿಸುವ ಮಾತು 35ನೆಯ ಸೆಕ್ಷನ್ನಿನದು. ಉರಿಯುವ ಪದಾರ್ಥವಿದ್ದ ಪಾತ್ರೆಯಿಂದ ಆ ಪದಾರ್ಥವನ್ನೂ ಅದರ ಆವಿಯನ್ನೂ ಹೋಗಲಾಡಿಸದೆ ಅದಕ್ಕೆ ಬೆಸುಗೆ ಹಾಕಕೂಡದೆಂಬುದು 37ನೆಯದರ ಕಟ್ಟಳೆ. ಪೆಟ್ರೋಲಿನ ಟ್ಯಾಂಕು ನೋಟಕ್ಕೆ ಬರಿದಾಗಿದ್ದರೂ ಒಳಗುಳಿದ ಆವಿ ಗಾಳಿಯೊಡನೆ ಬೆರೆತು, ಜ್ವಾಲೆ ತಾಕಿದೊಡನೆ ಸಿಡಿಯಬಲ್ಲದು. ಶಾಸನಕರ್ತರಿಗೆ ಇದು ತಿಳಿದಿತ್ತು.

ಆದರೆ ಈ ತಿಳಿವಳಿಕೆ ಯಾರಿಗೆ ಒದಗಿತು? ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಸ್ಥಾಪಿತವಾದದ್ದೂ 1948ರಲ್ಲೇ. ಕಾಯಿದೆಯ ವ್ಯಾಪ್ತಿ ಮೈಸೂರಿಗೆ ವಿಸ್ತರಿಸಿದ ಮೇಲೆ, ಬಹುಜನ ದುಡಿಯುವ ಸಾರಿಗೆ ಕಾರ್ಯಾಗಾರಗಳಿಗೆ ಅದು ಅನ್ವಯಿಸುವಂತಾಯಿತು. ಒಬ್ಬ ಮೇಸ್ತ್ರಿ, ಇಬ್ಬರು ಸಹಾಯಕರು, ಸ್ಪ್ಯಾನರು ಎತ್ತಿಕೊಡುವ ಒಬ್ಬ ಹುಡುಗ, ಇಷ್ಟೇ ಇದ್ದ ರಸ್ತೆಬದಿಯ ಗ್ಯಾರೇಜು ಹೊರಗುಳಿಯಿತು. ಗುಂಡಿ ಅದೇ, ಟ್ಯಾಂಕು ಅದೇ. 1961ರ ಮೈಸೂರು ಅಂಗಡಿಗಳ ಕಾಯಿದೆಯು ಕೆಲಸದ ವೇಳೆ, ವಾರದ ರಜೆಗಳನ್ನು ಕಟ್ಟುಮಾಡಿತೇ ಹೊರತು ಜ್ಯಾಕಿನ ಮೇಲೆ ನಿಂತ ಗಾಡಿಯ ವಿಚಾರ ಅದರದಲ್ಲ.

ಸಣ್ಣ ಸ್ಥಳಗಳನ್ನೆಲ್ಲ ತನಿಖೆ ಮಾಡುವಷ್ಟು ಇನ್‌ಸ್ಪೆಕ್ಟರುಗಳು ಎಲ್ಲಿದ್ದಾರೆಂದು ಕೇಳಬಹುದು. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ 85ನೆಯ ಸೆಕ್ಷನ್ನಿನಂತೆ, ಮನೆಮಂದಿ ಮಾತ್ರ ದುಡಿಯುವ ಸ್ಥಳವೊಂದನ್ನು ಬಿಟ್ಟು, ಜನಸಂಖ್ಯೆ ಎಷ್ಟೇ ಇರಲಿ, ಕಾಯಿದೆಯನ್ನು ಅನ್ವಯಿಸುವ ಅಧಿಕಾರ ರಾಜ್ಯ ಸರ್ಕಾರಗಳಿಗೆ ಇತ್ತು. ಆದುದರಿಂದ ಗ್ಯಾರೇಜು ಹೊರಗುಳಿದದ್ದು ಕೇವಲ ಅನಿವಾರ್ಯವೆಂದು ನಾವು ಒಪ್ಪಲಾರೆವು.

ಆ ಹುಡುಗನ ವಿಷಯ ಇನ್ನೂ ತಡವಾಯಿತು. ಕಾರ್ಖಾನೆಯಲ್ಲಿ 14 ವರ್ಷದೊಳಗಿನವರ ದುಡಿಮೆ 1948ರ ಕಾಯಿದೆಯಿಂದಲೇ ನಿಷಿದ್ಧವಾಗಿತ್ತು. ಗ್ಯಾರೇಜುಗಳಾದರೋ 1986ರ ಬಾಲಕಾರ್ಮಿಕ ಕಾಯಿದೆಯ ನಿಷಿದ್ಧ ಉದ್ಯೋಗಗಳ ಪಟ್ಟಿಯಲ್ಲಿ ಮುಂದೆ ಸೇರಿದವು. 2016ರ ತಿದ್ದುಪಡಿಯು ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು.

1881ರಿಂದ ಇಳಿಯುತ್ತ ಬಂದಿದ್ದ ತಲೆಯೆಣಿಕೆಯನ್ನು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಮೇಲಕ್ಕೇರಿಸಿ, ಯಂತ್ರಶಕ್ತಿಯಿದ್ದಲ್ಲಿ 20, ಇಲ್ಲದಲ್ಲಿ 40 ಎಂದಿತು. ವಿದ್ಯುದ್ಯಂತ್ರಗಳನ್ನಿಟ್ಟುಕೊಂಡು 15 ಜನ ದುಡಿಯುವ ಗ್ಯಾರೇಜು 1948ರ ವ್ಯಾಖ್ಯೆಯಂತೆ ಕಾರ್ಖಾನೆ. 2020ರ ವ್ಯಾಖ್ಯೆಯಂತೆ ಅಲ್ಲ.